ಟ್ಯಾಬ್ಲೆಟ್ ತಂತ್ರಾಂಶ: ವೇದಿಕೆಯ ಆಯ್ಕೆ ಹೇಗೆ?

ಅಂಗಡಿಯಿಂದ ಅಂಗಡಿಗೆ ಹೋಗಿ ಆರ್ಡರ್ ಪಡೆಯುವುದು, ಗೋದಾಮಿನಲ್ಲಿ ದಾಸ್ತಾನು ಎಣಿಸುವುದು ಮುಂತಾದ ಕೆಲಸಗಳಿಗೆ ಟ್ಯಾಬ್ಲೆಟ್ ಬಳಸುವ ವರ್ತಕರೂ ಸಣ್ಣ ಉದ್ದಿಮೆದಾರರೂ ಇಂದು ಅನೇಕರಿದ್ದಾರೆ. ಇದಕ್ಕಾಗಿ ಸ್ವಂತ ತಂತ್ರಾಂಶ ಬರೆಸಲು ಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆ: ಐಪ್ಯಾಡೋ, ಆಂಡ್ರಾಯ್ಡೋ, ವಿಂಡೋಸೋ? ಒಂದಕ್ಕೆಂದೇ ಬರೆದ ತಂತ್ರಾಂಶ ಮತ್ತೊಂದರಲ್ಲಿ ಹಾಗೆಯೇ ನಡೆಯದು. ಆದ್ದರಿಂದ ಆಯ್ಕೆ ತಪ್ಪಿದರೆ ತೊಡಗಿಸಿದ ಹಣ ನಷ್ಟವಾಗುತ್ತದೆ.

ಈ ಅಪಾಯ ಕಾಲ್ಪನಿಕವಲ್ಲ. ಎಚ್‌ಪಿ ಸಂಸ್ಥೆಯ ಟಚ್‌ಪ್ಯಾಡ್ 2011ರ ಜುಲೈ 1ರಂದು ಅಮೆರಿಕದ ಮಾರುಕಟ್ಟೆಗೆ ಬಂದಿತು. ಆಗಸ್ಟ್ 18ರಂದು ಅದನ್ನು ನಿಲ್ಲಿಸುವುದಾಗಿ ಸಂಸ್ಥೆಯೇ ಪ್ರಕಟಿಸಿತು. 2012ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಂಡೋಸ್ ಆರ್‌ಟಿಯಲ್ಲಿ ಹಳೆಯ ವಿಂಡೋಸ್ ತಂತ್ರಾಂಶಗಳು ನಡೆಯುತ್ತಿರಲಿಲ್ಲ. 2015ರಲ್ಲಿ ಬಂದ ವಿಂಡೋಸ್ 10 ಆ ಸಾಧನಗಳಿಗೆ ದೊರೆಯಲಿಲ್ಲ. ತಯಾರಕರು ದೊಡ್ಡವರೆಂಬುದೊಂದೇ ವೇದಿಕೆಯ ಬಾಳಿಕೆಗೆ ಖಾತರಿಯಲ್ಲ.

ಈಗಿನ ಮೂರು ವೇದಿಕೆಗಳ ಗುಣದೋಷಗಳು ಹೀಗಿವೆ:

1. ಐಪ್ಯಾಡ್: ಸಾಧನಗಳು ಏಕರೂಪವಾಗಿರುವುದರಿಂದ ಪರೀಕ್ಷೆ ಸುಲಭ. ಆದರೆ ತಂತ್ರಾಂಶ ರಚನೆಗೆ ಸಾಮಾನ್ಯವಾಗಿ ಮ್ಯಾಕ್ ಗಣಕಯಂತ್ರ ಬೇಕು. ವರ್ಷಕ್ಕೆ 99 ಡಾಲರ್ ಸದಸ್ಯತ್ವ ಶುಲ್ಕವಿದೆ. ವಿತರಣೆಯೂ ಆಪಲ್ ವಿಧಿಸಿದ ಮಾರ್ಗದಲ್ಲಿಯೇ ಆಗಬೇಕು.

2. ಆಂಡ್ರಾಯ್ಡ್: ಅನೇಕ ತಯಾರಕರಿರುವುದರಿಂದ ಕಡಿಮೆ ಬೆಲೆಯ ಸಾಧನಗಳೂ ದೊರೆಯುತ್ತವೆ. ಪ್ಲೇ ಸ್ಟೋರ್ ನೋಂದಣಿಗೆ ಒಮ್ಮೆ 25 ಡಾಲರ್ ಕೊಟ್ಟರೆ ಸಾಕು. ಆದರೆ ಪರದೆಯ ಅಳತೆ, ಆವೃತ್ತಿಗಳು ನಾನಾ ಬಗೆಯವು. ಪರೀಕ್ಷೆಯ ಹೊರೆ ಹೆಚ್ಚು.

3. ವಿಂಡೋಸ್: ಇಂಟೆಲ್ ಮಾದರಿಯ ಸಂಸ್ಕಾರಕವುಳ್ಳ ಟ್ಯಾಬ್ಲೆಟ್‌ನಲ್ಲಿ ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶ ನೇರವಾಗಿ ನಡೆಯುತ್ತದೆ. ಆದರೆ ಮೌಸ್‌ಗೆಂದು ರೂಪಿಸಿದ ಪರದೆಗಳನ್ನು ಬೆರಳಿನಿಂದ ಬಳಸುವುದು ಪ್ರಯಾಸಕರ.

ಹಾಗಾದರೆ ಯಾವುದು ಮೇಲು? ಪ್ರಶ್ನೆಯನ್ನು ತಿರುಗಿಸಿ ಕೇಳುವುದು ಒಳಿತು: ಈ ವೇದಿಕೆ ನಾಳೆ ನಿಂತುಹೋದರೆ ನಮ್ಮ ಬಳಿ ಏನು ಉಳಿಯುತ್ತದೆ? ಗ್ರಾಹಕರ ಖಾತೆ, ದರಪಟ್ಟಿ, ಸಾಲದ ಮಿತಿ, ತೆರಿಗೆಯ ಲೆಕ್ಕ ಇವು ವ್ಯಾಪಾರದ ತಿರುಳು. ಇವನ್ನು ಸಂಸ್ಥೆಯ ಅಧೀನದಲ್ಲಿರುವ ಸರ್ವರ್‌ನಲ್ಲಿರಿಸಿ, ಟ್ಯಾಬ್ಲೆಟ್ಟನ್ನು ವಿವರ ತೋರಿಸುವ, ದಾಖಲಿಸುವ ಕಿಟಕಿಯಾಗಿ ಮಾತ್ರ ಬಳಸಬೇಕು. 2025ರ ಸೆಪ್ಟೆಂಬರ್ 22ರಂದು ಅನೇಕ ಸರಕುಗಳ ಜಿಎಸ್‌ಟಿ ದರಗಳು ಬದಲಾದವು. ದರವು ಸರ್ವರ್‌ನಲ್ಲಿದ್ದರೆ ಇಂತಹ ತಿದ್ದುಪಡಿ ಒಂದೇ ಕಡೆ ಮುಗಿಯುತ್ತದೆ. ಟ್ಯಾಬ್ಲೆಟ್‌ನ ತಂತ್ರಾಂಶದೊಳಗೇ ಬರೆದಿದ್ದರೆ ಪ್ರತಿಯೊಂದು ಸಾಧನವನ್ನೂ ನವೀಕರಿಸಬೇಕಾಗುತ್ತದೆ.

ಕೆಲಸ ಸರಳವಾಗಿದ್ದರೆ ಬ್ರೌಸರ್‌ನಲ್ಲಿ ನಡೆಯುವ ತಂತ್ರಾಂಶವೇ ಸಾಕು. ಅದು ಮೂರೂ ವೇದಿಕೆಗಳಿಗೆ ಒಗ್ಗುತ್ತದೆ. ನೆಟ್‌ವರ್ಕ್ ಸಿಗದ ಊರುಗಳಲ್ಲಿಯೂ ಆರ್ಡರ್ ದಾಖಲಾಗಬೇಕೆಂದರೆ ಅದನ್ನು ಮೊದಲೇ ತಿಳಿಸಿ, ಅಂತಹ ಸ್ಥಳದಲ್ಲಿಯೇ ಪರೀಕ್ಷಿಸತಕ್ಕದ್ದು.

ಒಪ್ಪಂದ ಪತ್ರದಲ್ಲಿ ಮೂರು ಅಂಶಗಳು ಸ್ಪಷ್ಟವಾಗಿರಲಿ: ಮೂಲ ಸಂಕೇತದ ಪ್ರತಿ ನಮಗೆ ದೊರೆಯಬೇಕು, ಆಪ್ ಸ್ಟೋರ್ ಅಥವಾ ಪ್ಲೇ ಸ್ಟೋರ್ ಖಾತೆ ನಮ್ಮ ಸಂಸ್ಥೆಯ ಹೆಸರಿನಲ್ಲಿರಬೇಕು, ಎಲ್ಲ ಮಾಹಿತಿಯನ್ನು ಎಕ್ಸೆಲ್‌ನಲ್ಲಿ ತೆರೆಯಬಹುದಾದ ರೂಪದಲ್ಲಿ ಯಾವಾಗ ಬೇಕಾದರೂ ಹೊರತೆಗೆಯಲು ಸಾಧ್ಯವಿರಬೇಕು. ಇಷ್ಟನ್ನು ಮಾಡಿಕೊಂಡ ವರ್ತಕರು ಯಾವ ವೇದಿಕೆಯನ್ನು ಆರಿಸಿದರೂ ಮುಂದೆ ಟ್ಯಾಬ್ಲೆಟ್ ಬದಲಾಯಿಸಬೇಕಾದೀತೇ ಹೊರತು ವ್ಯವಹಾರದ ದಾಖಲೆಗಳನ್ನು ಕಳೆದುಕೊಳ್ಳಬೇಕಾಗುವುದಿಲ್ಲ.