ಸೆಂಟ್ರಿಂಗ್ ಕೋಲು ಕೀಳುವ ಅವಸರ

ಅಲ್ವೋ ಮರಿ, ಮೊನ್ನೆ ಫೋನಿನಲ್ಲಿ ನೀನು ಕೂಗಾಡಿದ್ದು ಕೇಳಿ ನಿಮ್ಮಜ್ಜಿ ಅಡುಗೆಮನೆಯಿಂದ ಓಡಿ ಬಂದಳು, ಯಾರಿಗೇನಾಯಿತೋ ಅಂತ. ಆಗಿದ್ದು ಇಷ್ಟೇ. ನಿನ್ನ ಬೇಸ್‌ಬಾಲ್ ತಂಡದವರು ಮೂವತ್ತೈದು ದಾಟಿದ ಒಬ್ಬ ಇನ್‌ಫೀಲ್ಡರನ್ನು ಒಂದು ವರ್ಷದ ಮಟ್ಟಿಗೆ ಸೇರಿಸಿಕೊಂಡಿದ್ದಾರೆ. ಮೈನರ್ ಲೀಗಿನಲ್ಲಿ ಮಿಂಚುತ್ತಿರುವ ಇಪ್ಪತ್ತರ ಹುಡುಗನನ್ನು ಅಲ್ಲೇ ಬಿಟ್ಟಿದ್ದಾರೆ. ‘ಮುದುಕನ್ನ ತಂದು ಹುಡುಗನ ದಾರಿಗೆ ಅಡ್ಡ ಹಾಕಿದ್ರು ತಾತಾ’ ಅಂದೆ. ಮೂವತ್ತೈದರವನು ಮುದುಕ! ಎಪ್ಪತ್ತೆಂಟರ ನಾನು ತುಟಿ ಪಿಟಕ್ಕೆನ್ನದೆ ಕೇಳಿಸಿಕೊಂಡೆ. ಅದನ್ನು ನನ್ನ ಖಾತೆಗೆ ಜಮಾ ಮಾಡಿಕೋ.

ಆಟದ ವಿಷಯದಲ್ಲಿ ನೀನೇ ನನಗೆ ಗುರು. ನಿಮ್ಮ ನ್ಯೂಜೆರ್ಸಿ ಮನೆಯ ಸೋಫಾದ ಮೇಲೆ ಕೂರಿಸಿಕೊಂಡು, ಶಾರ್ಟ್‌ಸ್ಟಾಪ್ ಅಂದರೆ ಎರಡನೇ ಬೇಸಿಗೂ ಮೂರನೇ ಬೇಸಿಗೂ ನಡುವೆ ನಿಲ್ಲುವವನು, ಇನ್‌ಫೀಲ್ಡಿನಲ್ಲಿ ಅದಕ್ಕಿಂತ ಕಷ್ಟದ ಜಾಗ ಇಲ್ಲ ಅಂತ ಹೇಳಿಕೊಟ್ಟವನು ನೀನು. ಆದರೆ ಕಾಯುವ ವಿದ್ಯೆ ನನಗೆ ಬಿಡು. ಮೂವತ್ತಮೂರು ವರ್ಷ ಓವರ್‌ಸೀಯರ್ ಆಗಿದ್ದವನು ನಾನು.

ಮೋಲ್ಡ್ ಹಾಕುವಾಗ ಕೆಳಗೆ ಹಲಗೆ ಹೊಂದಿಸಿ, ಹಲಗೆಗೆ ಸರ್ವೆ ಮರದ ಕೋಲು ಕೊಡುತ್ತಾರಲ್ಲ, ಅದು ಸೆಂಟ್ರಿಂಗ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಶಾಲೆಯ ದೊಡ್ಡ ಕೋಣೆಗೆ ಮೋಲ್ಡ್ ಹಾಕಿಸಿದ್ದೆ. ಅಷ್ಟು ಅಗಲಕ್ಕೆ ಹದಿನಾಲ್ಕು ದಿನವಾದರೂ ಕೋಲು ಇರಬೇಕು. ಒಂಬತ್ತನೇ ದಿನವೇ ಸಾಹೇಬರು ನೋಡಲು ಬರುತ್ತಾರೆಂದು ಸುದ್ದಿ ಬಂತು. ಕೋಲುಗಳ ಕಾಡು ಕಂಡರೆ ಚೆನ್ನಾಗಿರಲ್ಲ, ಬಿಚ್ಚಿ ಅಂದೆ. ವಯಸ್ಸಾದ ಮೇಸ್ತ್ರಿ ಬೀಡಿ ಆರಿಸಿ, ‘ಮ್ಯಾಲೆ ಒಣಗೈತೆ ಸ್ವಾಮಿ, ಒಳಗೆ ಇನ್ನೂ ಹಸಿ’ ಅಂದ. ನನಗೆಲ್ಲಿ ಕೇಳಿಸಬೇಕು? ನಾಲ್ಕು ಕೋಲು ಕಿತ್ತಿದ್ದೇ ತಡ, ಕೂದಲೆಳೆಯಂಥ ಬಿರುಕೊಂದು ಗೋಡೆಯಿಂದ ಗೋಡೆಗೆ ಹರಿಯಿತು. ಮೇಸ್ತ್ರಿ ಒಂದು ಮಾತೂ ಆಡಲಿಲ್ಲ. ಅದೇ ಕೋಲುಗಳನ್ನು ಮತ್ತೆ ಕೊಟ್ಟು, ಬುಡಕ್ಕೆ ಬೆಣೆ ಬಡಿದ. ಟಕ್, ಟಕ್, ಟಕ್. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಈಗ ನಿನ್ನ ಆಟಕ್ಕೆ ಬರೋಣ. ನಿನ್ನ ಕೋಣೆಯ ಗೋಡೆಗೆ 2ನೇ ನಂಬರಿನ ಅಂಗಿ ನೇತುಹಾಕಿದ್ದೀಯಲ್ಲ, ಆ ಶಾರ್ಟ್‌ಸ್ಟಾಪ್ ಡೆರೆಕ್ ಜೀಟರ್ ಹಸಿಯಾಗಿದ್ದ ಕಾಲವೊಂದಿತ್ತು. 1992ರಲ್ಲಿ ಯಾಂಕೀಸ್ ತಂಡ ಆರಿಸಿಕೊಂಡಾಗ ಅವನು ಆಗಷ್ಟೇ ಹೈಸ್ಕೂಲು ಮುಗಿಸಿದ ಹುಡುಗ. ಮೊದಲ ಬೇಸಿಗೆಯಲ್ಲಿ ಅಪ್ಪ ಅಮ್ಮನಿಗೆ ಫೋನು ಹಚ್ಚಿ ಅಳುತ್ತಿದ್ದನಂತೆ. ಮರುವರ್ಷ ಗ್ರೀನ್ಸ್‌ಬರೊ ತಂಡದಲ್ಲಿ ಫೀಲ್ಡಿಂಗಿನ ತಪ್ಪು, ನಿಮ್ಮ ಭಾಷೆಯ ‘ಎರರ್’, 56. ಐವತ್ತಾರು ಕಣೋ! ಆ ವರ್ಷದ ಕೊನೆಗೆ ಕೈಗೆ ಪೆಟ್ಟಾಗಿ ಬ್ಯಾಟ್ ಮುಟ್ಟುವಂತಿರಲಿಲ್ಲ. ಅದೇ ಒಳ್ಳೆಯದಾಯಿತು. ಬ್ರಯಾನ್ ಬಟರ್‌ಫೀಲ್ಡ್ ಎಂಬ ಕೋಚ್ ವಾರಗಟ್ಟಲೆ ಅವನಿಂದ ಫೀಲ್ಡಿಂಗ್ ಒಂದನ್ನೇ ಮಾಡಿಸಿದ. 1994ರಲ್ಲಿ ಹುಡುಗ ಒಂದೇ ಸಲಕ್ಕೆ ಮೈನರ್ ಲೀಗಿನ ಮೆಟ್ಟಿಲುಗಳನ್ನೆಲ್ಲ ಹತ್ತಿ ತುದಿಗೆ ಬಂದು ನಿಂತ. ನೀನಾಗಿದ್ದರೆ ನಾಳೆಯೇ ಕರೆಸಿ ಅನ್ನುತ್ತಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಪೈಕಿ ನೀನು.

ಯಾಂಕೀಸಿನವರು ಏನು ಮಾಡಿದರು? ಆ ಡಿಸೆಂಬರಿನಲ್ಲಿ 32 ವರ್ಷದ ಟೋನಿ ಫರ್ನಾಂಡೆಸನನ್ನು ತಂದು ಶಾರ್ಟ್‌ಸ್ಟಾಪಿನಲ್ಲಿ ನಿಲ್ಲಿಸಿದರು. ಡೊಮಿನಿಕನ್ ರಿಪಬ್ಲಿಕಿನವನು, ಟೊರಾಂಟೊದಲ್ಲಿ ಒಳ್ಳೆಯ ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲೋವ್ ನಾಲ್ಕು ಸಲ ಗೆದ್ದವನು. ಬ್ಯಾಟಿಂಗ್ ಸುಮಾರೇ ಆಯಿತು, 1995ರಲ್ಲಿ ಸರಾಸರಿ .245. ಆದರೂ ಜಾಗ ಕಾದ. ಮೇ ತಿಂಗಳಲ್ಲಿ ಅವನು ಗಾಯಗೊಂಡಾಗ ಜೀಟರನನ್ನು ಕರೆಸಿದರು. ಮೊದಲ ಪಂದ್ಯದಲ್ಲಿ ಐದು ಸಲ ಬ್ಯಾಟ್ ಹಿಡಿದು ಒಂದೂ ಹಿಟ್ ಇಲ್ಲ. ಹದಿಮೂರು ಪಂದ್ಯ ಆಡಿಸಿ, ಫರ್ನಾಂಡೆಸ್ ವಾಪಸಾದ ಮೇಲೆ ‘ಹೋಗಿ ಬಾ ಅಪ್ಪಾ’ ಅಂತ ಕೆಳಗೆ ಕಳಿಸಿದರು. ಹುಡುಗ ಮುಖ ಊದಿಸಿಕೊಂಡಿರಬಹುದು. ಆಡುವುದನ್ನಂತೂ ಬಿಡಲಿಲ್ಲ.

ಹಾಗಂತ ಮೇಲಿನವರು ಮಾಡಿದ್ದೆಲ್ಲ ಸರಿ ಅನ್ನುವವನು ನಾನಲ್ಲ. ಒಣಗಿ ಕಲ್ಲಾದ ಮೇಲೂ ಕೋಲು ಕೀಳಲು ಹೆದರುವ ಎಂಜಿನಿಯರುಗಳನ್ನು ಬೇಕಾದಷ್ಟು ನೋಡಿದ್ದೇನೆ. 1996ರಲ್ಲಿ ಜೀಟರನೇ ಶಾರ್ಟ್‌ಸ್ಟಾಪ್, ಫರ್ನಾಂಡೆಸ್ ಎರಡನೇ ಬೇಸಿಗೆ ಸರಿಯಲಿ ಅಂತ ತೀರ್ಮಾನವಾಗಿತ್ತು. ಅಭ್ಯಾಸದಲ್ಲಿ ಚೆಂಡಿಗೆ ಹಾರಿದ ಫರ್ನಾಂಡೆಸ್ ಮೊಣಕೈ ಮುರಿದುಕೊಂಡ. ಇಡೀ ವರ್ಷ ಮನೆಯಲ್ಲಿ. ಮಾಲೀಕರ ಬಳಗಕ್ಕೆ ಜೀವ ಬಾಯಿಗೆ ಬಂತು. ಹುಡುಗ ಇನ್ನೂ ತಯಾರಾಗಿಲ್ಲ, ಸಿಯಾಟಲ್ ತಂಡದಿಂದ ಫೆಲಿಕ್ಸ್ ಫರ್ಮಿನ್ ಎಂಬ ಹಳಬನನ್ನು ತರಿಸೋಣ ಅಂದರು. ಬದಲಿಗೆ ಕೊಡಲು ಮಾತಿಗೆ ಬಂದ ಹೆಸರು ಯಾರದು ಗೊತ್ತೇ? ಪಿಚರ್ ಮಾರಿಯಾನೊ ರಿವೇರಾ! ಮುಂದೆ 652 ಪಂದ್ಯಗಳಲ್ಲಿ ಕೊನೆಗೆ ಬಂದು ಗೆಲುವು ಕಾದು ಸೇವ್ ಪಡೆದು, ಒಂದು ವೋಟೂ ತಪ್ಪದೆ ಹಾಲ್ ಆಫ್ ಫೇಮ್ ಸೇರಿದವನು. ತಂಡದಲ್ಲಿದ್ದ ತಣ್ಣನೆ ತಲೆಯವರು ತಡೆದರು. ಏಪ್ರಿಲ್ 2ರಂದು ಕ್ಲೀವ್‌ಲ್ಯಾಂಡಿನಲ್ಲಿ, ಸೀಸನ್ನಿನ ಮೊದಲ ಪಂದ್ಯದಲ್ಲೇ ಜೀಟರ್ ಹೋಮ್ ರನ್ ಹೊಡೆದ. ಆಮೇಲೆ ಬೆನ್ನು ತಿರುಗಿಸಿ ಔಟ್‌ಫೀಲ್ಡಿನ ಕಡೆ ಓಡುತ್ತ, ಹೆಗಲ ಮೇಲಿಂದ ಇಳಿದ ಚೆಂಡನ್ನು ಹಿಡಿದ. ಐವತ್ತಾರು ಎರರಿನ ಹುಡುಗ. ಫರ್ಮಿನನ ದೊಡ್ಡ ಲೀಗಿನ ಆಟ ಆ ವರ್ಷವೇ ಮುಗಿಯಿತು.

ಇನ್ನೊಂದು ಕಿತಾಪತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಹುಡುಗ ಪಕ್ಕಾ ಆಗಿದ್ದರೂ ಲೆಕ್ಕದ ಪುಸ್ತಕ ನೋಡಿ ಕೂರಿಸುತ್ತಾರೆ. ದೊಡ್ಡ ಲೀಗಿನಲ್ಲಿ 172 ದಿನ ಕಳೆದರೆ ಒಂದು ವರ್ಷದ ಸೇವೆ. ಅಂಥ ಆರು ವರ್ಷವಾದರೆ ಆಟಗಾರ ಸ್ವತಂತ್ರ. 2015ರಲ್ಲಿ ಚಿಕಾಗೊ ಕಬ್ಸ್ ತಂಡ ಕ್ರಿಸ್ ಬ್ರಯಂಟನನ್ನು ಏಪ್ರಿಲ್ 17ರವರೆಗೆ ತಡೆದು ಕರೆಸಿತು. ಅವನ ಲೆಕ್ಕಕ್ಕೆ ಬಿದ್ದದ್ದು 171 ದಿನ. ದೂರು ಕೊಟ್ಟ, ಸೋತ. ಇದು ಹದಕ್ಕಾಗಿ ಕಾಯಿಸುವುದಲ್ಲ, ಜಿಪುಣತನ. ಇಂಥದ್ದಕ್ಕೆ ನೀನು ಕೂಗಾಡು, ನಾನೂ ದನಿಗೂಡಿಸುತ್ತೇನೆ. ಎರಡಕ್ಕೂ ಇರುವ ವ್ಯತ್ಯಾಸ ಗೊತ್ತುಮಾಡಿಕೊಂಡು ಕೂಗು, ಅಷ್ಟೇ.

ಈಗ ನಿಜ ಹೇಳು. ನಿನ್ನ ಸಿಟ್ಟು ಆ ಮೈನರ್ ಲೀಗ್ ಹುಡುಗನಿಗಾಗಿಯೇ? ನಿಮ್ಮಮ್ಮ ಎಲ್ಲ ಹೇಳಿದ್ದಾಳೆ. ನಿಮ್ಮ ಆಫೀಸಿನಲ್ಲಿ ನಿನಗೆ ಬರಬೇಕಾದ ಕುರ್ಚಿಗೆ ರಿಟೈರಾದ ಒಬ್ಬರನ್ನು ಒಂದು ವರ್ಷದ ಕಾಂಟ್ರಾಕ್ಟಿನ ಮೇಲೆ ಕೂರಿಸಿದ್ದಾರಂತೆ. ಮೂರು ವಾರದಿಂದ ನೀನು ಅವರಿಗೆ ಗುಡ್ ಮಾರ್ನಿಂಗ್ ಸಹ ಹೇಳಿಲ್ಲವಂತೆ. ಛೀ, ನಮ್ಮ ಮನೆಯ ಹುಡುಗನಾ ನೀನು? ನಾಳೆ ಹೋಗಿ ಕಾಫಿ ಕೊಡಿಸು. ಅವರಿಗೂ ಗೊತ್ತು, ಒಂದು ವರ್ಷಕ್ಕೆ ಬಂದವರು ಅಂತ. ಕುರ್ಚಿಯ ಆಸೆ ತೀರಿದವರು ಯಾರೂ ಹೇಳಿಕೊಡದ ಗುಟ್ಟುಗಳನ್ನು ಹೇಳಿಕೊಡುತ್ತಾರೆ. ನಿನ್ನ ಐವತ್ತಾರು ಎರರ್ ಈಗಲೇ ಆಗಿಹೋಗಲಿ, ಬೈಗುಳ ಅವರ ತಲೆಗೆ ಬೀಳುವ ಹೊತ್ತಿನಲ್ಲಿ.

ಫರ್ನಾಂಡೆಸ್ ಆಮೇಲೇನಾದ ಅಂತ ನೀನು ಕೇಳಲೇ ಇಲ್ಲ. ನಿನ್ನ ವಯಸ್ಸಿನವರು ಕೇಳುವುದಿಲ್ಲ. 1997ರಲ್ಲಿ ಕ್ಲೀವ್‌ಲ್ಯಾಂಡ್ ಸೇರಿದ. ಅಕ್ಟೋಬರಿನಲ್ಲಿ ಲೀಗ್ ಫೈನಲಿನ ಆರನೇ ಪಂದ್ಯ. ಆ ದಿನ ಅವನು ಆಡುವ ಪಟ್ಟಿಯಲ್ಲೇ ಇರಲಿಲ್ಲ. ಅಭ್ಯಾಸದಲ್ಲಿ ಅವನೇ ಹೊಡೆದ ಚೆಂಡು ಎರಡನೇ ಬೇಸಿನವನ ಕೈಗೆ ಬಡಿದು ಇವನೇ ಇಳಿಯಬೇಕಾಯಿತು. ಹನ್ನೊಂದನೇ ಇನಿಂಗ್ಸ್‌ನಲ್ಲಿ ಇವನ ಹೋಮ್ ರನ್, 1-0, ತಂಡ ವರ್ಲ್ಡ್ ಸೀರೀಸಿಗೆ. ಅಲ್ಲಿ ಏಳನೇ ಪಂದ್ಯದಲ್ಲಿ ತಂಡದ ಎರಡು ರನ್ನೂ ಇವನ ಬ್ಯಾಟಿನಿಂದಲೇ. ಮತ್ತೆ ಹನ್ನೊಂದನೇ ಇನಿಂಗ್ಸ್. ನೆಲಕ್ಕೆ ಉರುಳಿ ಬಂದ ಚೆಂಡು ಅವನ ಗ್ಲೋವಿನ ಕೆಳಗೆ ಜಾರಿತು. ನಾಲ್ಕು ಗೋಲ್ಡ್ ಗ್ಲೋವ್ ಗೆದ್ದ ಕೈ! ತಂಡ ಸೋತಿತು. ಎರಡು ವರ್ಷದ ನಂತರ, 37 ತುಂಬಿದವನು ಟೊರಾಂಟೊದಲ್ಲಿ .328 ಸರಾಸರಿಯಲ್ಲಿ ಹೊಡೆದ. 2020ರಲ್ಲಿ ತೀರಿಕೊಂಡ, ಐವತ್ತೇಳಕ್ಕೆ.

ನಿನ್ನ ತಂಡದ ಆ ‘ಮುದುಕ’ ಯಾವತ್ತು ಇಳಿಯುತ್ತಾನೆ? ಸಂಜೆ ಏಳರ ಪಂದ್ಯ ಹಾಕಿ ನನಗೆ ವಿಡಿಯೋ ಕಾಲ್ ಮಾಡು. ಇಲ್ಲಿ ಬೆಳಗಿನ ಜಾವ ನಾಲ್ಕೂವರೆ ಆಗಿರುತ್ತದೆ, ಹೇಗೂ ನಿದ್ದೆ ಬಂದಿರುವುದಿಲ್ಲ. ಪಿಚ್ ಹಾಕುವ ಮುಂಚೆ ಅವನು ಯಾವ ಕಡೆ ಎರಡು ಹೆಜ್ಜೆ ಸರಿಯುತ್ತಾನೆ ನೋಡಬೇಕು. ಕೂಗಾಡಬೇಡ, ನಿಮ್ಮಜ್ಜಿ ಎದ್ದುಬಿಡುತ್ತಾಳೆ.