ಹಳೆಯ ಚಪ್ಪಲಿಯಿಂದ ಕೃತಕ ಕಪ್ಪೆ: ಕೊರವ ಮೀನಿನ ಗಾಳ

ಕೊರವ ಮೀನನ್ನು ಹಿಡಿಯಲು ಜೀವಂತ ಕಪ್ಪೆಯನ್ನು ಗಾಳದ ಕೊಕ್ಕೆಗೆ ಚುಚ್ಚುವ ರೂಢಿ ನಮ್ಮ ಕೆರೆಗಳಲ್ಲಿ ಹಳೆಯದು. ಗದ್ದೆಯ ಕೀಟಗಳನ್ನು ತಿಂದು ರೈತನಿಗೆ ನೆರವಾಗುವ ಪ್ರಾಣಿಯನ್ನು ಹೀಗೆ ಕಳೆಯುವ ಅಗತ್ಯವಿಲ್ಲ. ಸವೆದ ಹವಾಯಿ ಚಪ್ಪಲಿಯ ತುಂಡೊಂದು ಅದೇ ಕೆಲಸವನ್ನು ಮಾಡಬಲ್ಲದು.

ಮುರೆಲ್ ಎಂದೂ ಕರೆಯಲಾಗುವ ಕೊರವವು ಜೊಂಡು, ತಾವರೆ ಎಲೆಗಳ ಮರೆಯಲ್ಲಿ ಅಡಗಿದ್ದು, ನೀರಿನ ಮೇಲೆ ಸುಳಿಯುವ ಬೇಟೆಗೆ ಥಟ್ಟನೆ ಎರಗುತ್ತದೆ. ಕೆಳಗಿನಿಂದ ನೋಡುವ ಅದಕ್ಕೆ ಮುಖ್ಯವಾಗಿ ಕಾಣುವುದು ಬೆಳಕಿಗೆದುರಾದ ಕಪ್ಪು ಆಕೃತಿ ಮತ್ತು ಅದರ ಚಲನೆ. ಆದುದರಿಂದ ಬಣ್ಣಕ್ಕಾಗಿ ಕಾಲವ್ಯಯ ಬೇಡ. ಅಂಗಡಿಯ ಥಳಕು ಬಣ್ಣ ಮೀನಿಗಿಂತ ಕೊಳ್ಳುವವನನ್ನೇ ಹೆಚ್ಚು ಸೆಳೆಯುತ್ತದೆ.

ಚಪ್ಪಲಿಯ ಮೆತ್ತನೆಯ ಅಟ್ಟೆಯಿಂದ ಸುಮಾರು 6 ಸೆಂ.ಮೀ. ಉದ್ದ, 2.5 ಸೆಂ.ಮೀ. ಅಗಲದ ತುಂಡನ್ನು ಕತ್ತರಿಸಿ, ಮುಂಭಾಗವನ್ನು ಕಿರಿದಾಗಿ ಕೆತ್ತಬೇಕು. ಹೊಟ್ಟೆಯ ಕಡೆ ಉದ್ದಕ್ಕೆ ಸೀಳಿ, ಜೋಡಿಕೊಕ್ಕೆಯ ದಂಡವನ್ನು ಅದರೊಳಗಿರಿಸಿ, ಉಂಗುರವು ಮೂತಿಯಿಂದ ಹೊರಬರುವಂತೆ ನೂಲಿನಿಂದ ಬಿಗಿದು ಅಂಟು ಹಾಕಬೇಕು. ಕೊಕ್ಕೆಯ ಮೊನೆಗಳು ಮೇಲ್ಮುಖವಾಗಿ ಬೆನ್ನಿಗೆ ಒತ್ತಿಕೊಂಡಿರಬೇಕು. ಇದೇ ಮುಖ್ಯ. ಮೊನೆ ಹೊರಚಾಚಿದ್ದರೆ ಪ್ರತಿ ಎಸೆತಕ್ಕೂ ಜೊಂಡು ಸಿಕ್ಕಿಕೊಳ್ಳುತ್ತದೆ. ಒತ್ತಿಕೊಂಡಿದ್ದರೆ, ಮೀನು ಕಚ್ಚಿದಾಗ ಮಾತ್ರ ಮೆತ್ತನೆಯ ಮೈ ಕುಗ್ಗಿ ಮೊನೆ ತೆರೆದುಕೊಳ್ಳುತ್ತದೆ. ಗಟ್ಟಿ ಅಟ್ಟೆಯ ಚಪ್ಪಲಿ ಈ ಕೆಲಸಕ್ಕೆ ಬಾರದು.

ಸೈಕಲ್ ಟ್ಯೂಬಿನ ಎರಡು ಪಟ್ಟಿಗಳು ಹಿಂಗಾಲುಗಳಾಗುತ್ತವೆ. ಹೊಟ್ಟೆಯ ಹಿಂಭಾಗಕ್ಕೆ ಕಬ್ಬಿಣದ ಸಣ್ಣ ನಟ್ ಕಟ್ಟಿ ಬಕೆಟ್ ನೀರಿನಲ್ಲಿ ತೇಲಿಸಿ ನೋಡಿ. ಮಗುಚಿಕೊಂಡರೆ ತುಸು ಭಾರ ಹೆಚ್ಚಿಸಿ. ಸೀಸವನ್ನು ಬಳಸಕೂಡದು. ಕಳಚಿಬಿದ್ದ ಸೀಸದ ಚೂರನ್ನು ಹರಳೆಂದು ನುಂಗುವ ನೀರುಹಕ್ಕಿಗಳಿಗೆ ಅದು ವಿಷ. ಕೊರವದ ಹಲ್ಲು ಹರಿತವಾದ್ದರಿಂದ ದಾರಕ್ಕೂ ಕಪ್ಪೆಗೂ ನಡುವೆ ಗೇಣುದ್ದದ ತೆಳುವಾದ ಉಕ್ಕಿನ ತಂತಿ ಇರಲಿ.

ಎಲೆಯ ಮೇಲೆ ಎಸೆದು, ಮೆಲ್ಲಗೆ ನೀರಿಗೆ ಜಾರಿಸಿ, ಎರಡು ಸಲ ಮಿಡಿದು ನಿಲ್ಲಿಸಬೇಕು. ಮೀನು ಎರಗಿದ ಕೂಡಲೇ ಎಳೆಯದೆ, ಅದು ಕಪ್ಪೆಯನ್ನು ಬಾಯೊಳಗೆ ಸೆಳೆದುಕೊಳ್ಳುವಷ್ಟು ಹೊತ್ತು ತಾಳಬೇಕು. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಮಳೆಗಾಲದಲ್ಲಿ ಒಂದೆಡೆ ಕೆಂಬಣ್ಣದ ಮರಿಗಳ ಗುಂಪು ಗಾಳಿಗಾಗಿ ಮೇಲೆದ್ದು, ನೀರು ಸಣ್ಣಗೆ ಕುದಿಯುವಂತೆ ಕಂಡರೆ ಅಲ್ಲಿ ಗಾಳ ಎಸೆಯಬೇಡಿ. ಕೆಳಗೆ ತಾಯಿತಂದೆ ಮೀನುಗಳು ಕಾವಲಿರುತ್ತವೆ; ಅವು ಕಪ್ಪೆಯ ಮೇಲೆರಗುವುದು ಹಸಿವಿಗಲ್ಲ, ಮರಿಗಳ ರಕ್ಷಣೆಗೆ. ಆಗ ಅವುಗಳನ್ನು ಹಿಡಿಯುವುದು ಬಹು ಸುಲಭ; ಆದರೆ ಕಾವಲು ತಪ್ಪಿದ ಮರಿಗಳು ಇತರ ಮೀನುಗಳ, ಹಕ್ಕಿಗಳ ಪಾಲಾಗುತ್ತವೆ. ಒಂದು ದಿನದ ಸಾರಿಗಾಗಿ ಬರುವ ವರ್ಷಗಳ ಮೀನು ಹೋಗುತ್ತದೆ.

ಗಾಳ ಹಾಕುವ ಮೊದಲು ಆ ಕೆರೆಯ ಮೀನು ಪಾಶುವಾರು ಹಕ್ಕು ಯಾರಿಗೆ ನೀಡಲಾಗಿದೆ ಎಂಬುದನ್ನು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಅವರ ಅನುಮತಿ ಪಡೆಯತಕ್ಕದ್ದು.