ಮಗುವಿನ ಕೃತಿಸಂಪುಟ ನೋಡಿದ್ದೀರಾ?

ಅಂಕಪಟ್ಟಿಗೆ ಸಹಿ ಹಾಕುವಾಗ ಮಗುವಿನ ಕೃತಿಸಂಪುಟವನ್ನೂ ಕೇಳಿ ನೋಡಿದ್ದೀರಾ? ಮಗು ಬರೆದದ್ದು, ಬಿಡಿಸಿದ್ದು ಎಲ್ಲವನ್ನೂ ದಿನಾಂಕ ಹಾಕಿ ಕೂಡಿಡುವ ಕಡತವದು. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನವನ್ನು ಕಡ್ಡಾಯ ಮಾಡಿದ ಮೇಲೆ ನಮ್ಮ ಶಾಲೆಗಳಲ್ಲಿ ಇದರ ಬಳಕೆ ಹೆಚ್ಚಿತು.

ಈಗ ಅದನ್ನು ಮೊಬೈಲಿನಲ್ಲೇ ಇಡಬಹುದು. ಕಂಪ್ಲಿಯ ಕಡೆಯಿಂದ ಗುಳೆ ಹೋಗುವ ಕುಟುಂಬಗಳಿಗೆ ಇದು ಸಣ್ಣ ಮಾತಲ್ಲ. ನಡುವರ್ಷದಲ್ಲಿ ಶಾಲೆ ಬದಲಾದರೆ ಕಾಗದದ ಕಡತ ಎಷ್ಟೋ ಸಲ ಹಳೆಯ ಶಾಲೆಯಲ್ಲೇ ಉಳಿದುಬಿಡುತ್ತದೆ. ಹೊಸ ಮೇಷ್ಟ್ರ ಕಣ್ಣಿಗೆ ಅದು ಏನೂ ಬಾರದ ಮಗುವಾಗಿ ಕಾಣುತ್ತದೆ. ಇನ್ನೊಂದು ಲಾಭ, ನನಗೆ ಇದೇ ದೊಡ್ಡದು: ಜೂನ್ ತಿಂಗಳಲ್ಲಿ ತಡವರಿಸಿ ಓದಿದ್ದನ್ನೂ ನವೆಂಬರಿನಲ್ಲಿ ಸರಾಗವಾಗಿ ಓದಿದ್ದನ್ನೂ ಧ್ವನಿಮುದ್ರಿಸಿ ಇಟ್ಟರೆ, ಅಕ್ಷರ ಬಾರದ ತಾಯಿಯೂ ಕೇಳಿ ವ್ಯತ್ಯಾಸ ಹೇಳಬಲ್ಲಳು. ಅಂಕಪಟ್ಟಿ ಅವಳಿಗೆ ಅಷ್ಟನ್ನು ಹೇಳದು.

ಅಂದವಾದ ಹಾಳೆಗಳನ್ನಷ್ಟೇ ಆರಿಸಬೇಡಿ. ತಪ್ಪಿದ ಲೆಕ್ಕವೂ ಇರಲಿ, ತಿದ್ದಿದ್ದೂ ಇರಲಿ. ದೇವಾಲಯದಲ್ಲಿ ಸಿಕ್ಕ ಬಾಲಯೇಸುವಿನ ಮಾತು ಮಾತೆ ಮರಿಯಮ್ಮನವರಿಗೆ ಆಗ ಅರ್ಥವಾಗಲಿಲ್ಲ. ಆದರೂ ಮನಸ್ಸಿನಲ್ಲಿ ಜೋಪಾನ ಮಾಡಿದರೆಂದು ಸಂತ ಲೂಕರು ತಿಳಿಸುತ್ತಾರೆ (2:50-51). ವಾಟ್ಸಾಪ್ ಗುಂಪಿಗೆ ಹಾಕಿ ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸುವುದಂತೂ ಬೇಡವೇ ಬೇಡ. ಈ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಹಾಳೆಯಿಂದ ತೋರಿಸಲು ಹೇಳಿ.